ಸಪ್ಪಲಮ್ಮನವರ ಉಸಿರು

ಸಪ್ಪಲಮ್ಮನವರು ಬೀದಿಯ ಅಂಚಿನಲ್ಲಿ ನಡೆದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ದೊಡ್ಡಬಳ್ಳಾಪುರದ ನಮ್ಮ ಕೇರಿಯಲ್ಲಿ, ಎರಡೂ ಬದಿಯ ಮನೆಗಳಿಂದ ಪವರ್‌ಲೂಮಿನ ಸದ್ದು ಉಕ್ಕುವ ಆ ಕಿರಿದಾದ ಹಾದಿಯಲ್ಲಿ, ಗತಿಸಿದ ಗಂಡನ ಬೂದುಬಣ್ಣದ ಕೋಟನ್ನು ಸೀರೆಯ ಮೇಲೆ ಗುಂಡಿ ಹಾಕಲಾಗದೆ ತೊಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಾ ಅವರು ನಟ್ಟನಡುವೆ ಬಂದರೆ, ಸೈಕಲ್ಲುಗಳೂ ಎಮ್ಮೆಗಳೂ ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದವು.

ಬಸ್‌ಸ್ಟ್ಯಾಂಡಿನಲ್ಲಿ ಕೆಂಪುದೀಪ ತಿರುಗುವ ತೂಕದ ಯಂತ್ರವೊಂದಿತ್ತು. ಬೇರೆಯವರು ಚೀಟಿಯನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರೆ ಇವರು ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ನೂರಾ ಎಂಟು ಕಿಲೋ ಎಂದು ನಾನು ಸಂಕೋಚದಿಂದ ಉಸುರಿದ ದಿನ, ಅಷ್ಟೋತ್ತರ ಪೂರ್ತಿಯಾಯಿತೆಂದು ಕೈಮುಗಿದು ನಕ್ಕುಬಿಟ್ಟರು.

ಮನೆಯಲ್ಲಿದ್ದ ನಾಲ್ಕು ಮಗ್ಗಗಳಿಗೂ ಅವರೇ ವೈದ್ಯರು. ಮಗ್ಗದ ಮೈಮೇಲೆ ಅಂಗೈಯಿಟ್ಟು, ಕಣ್ಣುಮುಚ್ಚಿ, ದೋಷ ಲಾಳಿಯಲ್ಲಿದೆಯೋ ಹಾಸಿನ ಎಳೆಗಳಲ್ಲಿದೆಯೋ ಹೇಳುತ್ತಿದ್ದರು. ಆದರೆ ಆ ಗದ್ದಲದಲ್ಲಿ ಮನುಷ್ಯರ ಕೆಮ್ಮು ಯಾರಿಗೂ ಕೇಳುತ್ತಿರಲಿಲ್ಲ. ಕೇಳಿದರೂ ನೂಲಿನ ಧೂಳಿನದೆಂದು ಸುಮ್ಮನಾಗುವುದು ನೇಕಾರರ ಮನೆಗಳ ಹಳೆಯ ತಪ್ಪು. ತೊಂಬತ್ತೆಂಟರ ಕಾರ್ತೀಕದಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಕೇರಿಯೆಲ್ಲ ಮೌನವಾದಾಗ, ಅವರ ಎದೆಯ ಸುಯ್‌ಗುಟ್ಟುವಿಕೆ ಪಕ್ಕದ ಮನೆಯ ನನಗೂ ಕೇಳಿಸಿತು. ಅವರ ಸೊಸೆ ಅನುಸೂಯಮ್ಮ ನಮ್ಮ ಮನೆಗೆ ಓಡಿಬಂದರು. ಇಬ್ಬರೂ ಸೇರಿ ಅವರನ್ನು ಆಟೋದಲ್ಲಿ ಡಾಕ್ಟರ್ ಆದಿನಾರಾಯಣಪ್ಪನವರಲ್ಲಿಗೆ ಕರೆದೊಯ್ದೆವು.

ಡಾಕ್ಟರು ಒಳ್ಳೆಯವರೇ. ಕೋಟಿನ ಮೇಲೆಯೇ ಸ್ಟೆತಾಸ್ಕೋಪು ಒತ್ತಿ, ತೂಕ ಇಳಿಸದಿದ್ದರೆ ಏದುಸಿರು ತಪ್ಪದೆಂದು ಹತ್ತು ವರ್ಷದಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿ, ಚೀಟಿ ಬರೆಯತೊಡಗಿದರು. ನಾನೂ ತಲೆಯಾಡಿಸಿದೆ, ಅದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಸಪ್ಪಲಮ್ಮನವರು ಏಳಲಿಲ್ಲ. ಕೋಟು ಕಳಚಿ ಡಾಕ್ಟರ ಮೇಜಿನ ಮೇಲೆ, ಬರೆಯುತ್ತಿದ್ದ ಚೀಟಿಯ ಮೇಲೆಯೇ ಇಟ್ಟರು. ಒಂದೊಂದು ಮಾತಿಗೂ ತಡೆದು ಉಸಿರೆಳೆದುಕೊಂಡು ಹೇಳಿದರು:

“ಮಗ್ಗ ನಿಂತ್ರೆ ಮಗ್ಗ ದೊಡ್ಡದಾಯ್ತು ಅಂತ ಬಿಟ್ಬಿಡ್ತೀವಾ ಡಾಕ್ಟ್ರೇ? ಎಲ್ಲಿ ಎಳೆ ಕಡ್ದಿದೆ ಅಂತ ಬಗ್ಗಿ ನೋಡ್ತೀವಿ. ನಾನು ದಪ್ಪ ಆಗಿ ಮೂವತ್ತು ವರ್ಷ ಆಯ್ತು. ಉಸಿರು ಕೆಟ್ಟಿದ್ದು ಸೋಮವಾರದಿಂದ. ಬೆನ್ನ ಮೇಲಿಟ್ಟು ಕೇಳಿ.”

ಡಾಕ್ಟರು ಕೇಳಿದರು. ಮತ್ತೊಮ್ಮೆ ಕೇಳಿದರು. ಬರೆದ ಚೀಟಿ ಹರಿದುಹಾಕಿ, ಈಗಲೇ ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ ಹರಡಿತ್ತು; ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಆಮ್ಲಜನಕದ ನಳಿಕೆ ಹಿಡಿದು ಸೆಣಸಿ ಅವರು ಬದುಕಿಬಂದರು.

ಆಮೇಲೆ ಆದಿನಾರಾಯಣಪ್ಪನವರೇ ಅವರ ಮನೆಗೆ ಬಂದರು. ತಪ್ಪಾಯಿತೆಂದರು. ತೂಕದ ಮಾತು ಸುಳ್ಳೇನೂ ಅಲ್ಲ, ಸ್ಥೂಲಕಾಯದವರಿಗೆ ಎದೆಯ ಸೋಂಕು ಬಲವಾಗಿ ಹಿಡಿಯಬಹುದು ಎಂದೂ ಹೇಳಿದರು. ಕೊಬ್ಬು ತಾನೇ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆಂದು ಈಚೆಗೆ ವಿಜ್ಞಾನಿಗಳು ಕಂಡುಕೊಂಡಿದ್ದಾರಂತೆ; ಹಸಿವಿನ ಜೊತೆಗೆ ರೋಗದೊಡನೆ ಹೋರಾಡುವ ಶಕ್ತಿಯನ್ನೂ ಅದು ಏರುಪೇರು ಮಾಡುತ್ತಿರಬಹುದೆಂಬ ಅನುಮಾನವಂತೆ. ಯಾವುದೂ ಇನ್ನೂ ಖಚಿತವಿಲ್ಲವೆಂದೂ ಸೇರಿಸಿದರು.

ಸಪ್ಪಲಮ್ಮನವರು ತಮ್ಮ ತೋಳನ್ನು ಹೊಸದಾಗಿ ಕಂಡವರಂತೆ ನೋಡಿಕೊಂಡರು.

“ಹಂಗಾದ್ರೆ ಇದೂ ಸುಮ್ನೆ ಕೂತಿಲ್ಲ, ಒಳಗೊಳಗೇ ಏನೋ ಕೆಲಸ ಮಾಡ್ತಾ ಐತೆ ಅನ್ನಿ. ಆ ಕೆಲಸ ಕೆಟ್ಟಿದ್ರೆ ಔಷಧಿ ಹುಡುಕ್ರಪ್ಪ. ನನ್ನ ಬಯ್ಯೋದು ಔಷಧಿ ಅಲ್ಲ.”

ಸಂಜೆಯ ಬೋಂಡಾವನ್ನು ಅವರು ಅಂದೇ ಬಿಟ್ಟರು. ತಲೆ ತಗ್ಗಿಸುವುದನ್ನು ಮಾತ್ರ ಕಡೆಯವರೆಗೂ ಕಲಿಯಲಿಲ್ಲ.

ದೇಹವನ್ನೇ ಅಪರಾಧವೆಂದು ಒಪ್ಪಿಕೊಂಡು, ಕ್ಷಮೆ ಕೇಳುತ್ತಾ ಸಣ್ಣದನಿಯಲ್ಲಿ ನರಳಿ, ಯಾರಿಗೂ ಕೇಳಿಸದೆ ಹೋಗಿಬಿಡುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಸಪ್ಪಲಮ್ಮನವರ ಬಗೆಯೇ ಬೇರೆ. ಇಂಥವರು ಯಾರ ಕರುಣೆಯನ್ನೂ ಬೇಡುವುದಿಲ್ಲ, ಹೊಗಳಿಕೆಯನ್ನೂ ಬಯಸುವುದಿಲ್ಲ. ತೀರ್ಪು ಕೊಡುವ ಮುನ್ನ ಒಮ್ಮೆ ಕಿವಿಗೊಟ್ಟು ಕೇಳಿ ಎನ್ನುತ್ತಾರೆ, ಕೇಳುವವರೆಗೂ ಕುರ್ಚಿ ಬಿಟ್ಟು ಏಳುವುದಿಲ್ಲ.