ಗುರುತು ಬಿಚ್ಚಿದ ಟವೆಲುಗಳು

ಒದ್ದೆ ಕೈಯನ್ನು ಸೀಟಿನ ಮೇಲೆ ಒಂದೇ ದಿಕ್ಕಿಗೆ ಎಳೆದರೆ ನಾಯಿಕೂದಲು ಉಂಡೆಯಾಗಿ ಬರುತ್ತದೆ. ಅವನು ಹಾಗೆ ಎಳೆದು ಎಳೆದು ಮೂರು ಉಂಡೆ ತೆಗೆದು ಬಾಗಿಲಾಚೆ ಹಾಕಿದ್ದ. ನಾಲ್ಕನೆಯದು ಬರುತ್ತಿತ್ತು.

"ರೀ, ಆಯ್ತಾ?" ಹೆಂಡತಿ ಮೆಟ್ಟಿಲ ಮೇಲಿಂದ ಕೇಳಿದಳು. "ಗಾಡಿ ಹನ್ನೊಂದಕ್ಕೆ ಬರುತ್ತಂತೆ."

"ಇನ್ನೊಂದು ಸೀಟಿದೆ."

"ಎಷ್ಟು ಉಜ್ಜಿದ್ರೂ ಅಷ್ಟೇ. ಈ ಕಾರಲ್ಲಿ ಮನುಷ್ಯರಿಗಿಂತ ನಾಯಿಗಳೇ ಜಾಸ್ತಿ ಓಡಾಡಿವೆ. ಡಿಕ್ಕಿಯಲ್ಲಿರೋ ಆ ಡಬ್ಬೀನೂ ತೆಗೀರಿ, ಚಿಕ್ಕಪ್ಪನ ಗಾಲಿಕುರ್ಚಿ ಇಡ್ಬೇಕು."

ಕಾರು ಅಕ್ಕನದು. ಅಕ್ಕ ಒಳಗೆ, ಮುಂದಿನ ಕೋಣೆಯಲ್ಲಿ, ಬಿಳಿ ಚಾದರ ಹೊದ್ದು ಮಲಗಿದ್ದಳು. ನಿನ್ನೆ ಮಧ್ಯಾಹ್ನ ಲಾಂಡ್ರಿಯಲ್ಲಿ ದಿಂಬಿನ ಕವರು ಮಡಚುತ್ತಿದ್ದವಳು ಮೇಜಿನ ಮೇಲೆ ತಲೆಯಿಟ್ಟು, "ಒಂದು ನಿಮಿಷ ತಾಳು" ಅಂದಳಂತೆ. ಆ ನಿಮಿಷ ಮುಗಿಯಲೇ ಇಲ್ಲ. ಐವತ್ತೊಂಬತ್ತು ವರ್ಷ. ಮದುವೆಯಾಗಿರಲಿಲ್ಲ. ಹನ್ನೊಂದು ವರ್ಷ ಚಿಕ್ಕವನಾದ ತಮ್ಮನನ್ನು ಓದಿಸಿ, ಮೇಷ್ಟ್ರು ಮಾಡಿ, ತಾನು ಮೂವತ್ತು ವರ್ಷ ಲಾಂಡ್ರಿಯಲ್ಲೇ ಕಳೆದವಳು. ಅದರಲ್ಲಿ ಇಪ್ಪತ್ತನಾಲ್ಕು ವರ್ಷ ವ್ಯಾನು ಓಡಿಸಿದಳು, ಆಸ್ಪತ್ರೆ ಹೋಟೆಲುಗಳ ಬಟ್ಟೆಗಂಟು ತರುವುದು, ಒಗೆದದ್ದನ್ನು ಕೊಟ್ಟು ಬರುವುದು. ಕೊನೆಯ ಆರು ವರ್ಷ ಮಡಚುವ ಮೇಜು.

ತಮ್ಮ ಡಿಕ್ಕಿ ತೆಗೆದ. ಡಬ್ಬಿ ಭಾರವಿತ್ತು. ಮುಚ್ಚಳ ಸಡಿಲವಾಗಿ ತಾನೇ ತೆರೆದುಕೊಂಡಿತು. ಮೊಣಕೈವರೆಗೆ ಬರುವ ಚರ್ಮದ ಕೈಗವಸು. ಹೊಳೆಯುವ ಪಟ್ಟಿಯ ಜಾಕೀಟು, ರಸ್ತೆಯಲ್ಲಿ ನಿಲ್ಲಿಸುವ ಕೆಂಪು ತ್ರಿಕೋನ, ಟಾರ್ಚು. ಹತ್ತಿ, ಬ್ಯಾಂಡೇಜು, ಮೂತಿಗೆ ಕಟ್ಟಲು ಹರಿದಿಟ್ಟ ಬಟ್ಟೆಯ ಪಟ್ಟಿಗಳು. ಬೆಕ್ಕು ಹಕ್ಕಿಗಳಿಗೆಂದು ತೂತು ಕೊರೆದು ಮಡಚಿಟ್ಟ ರಟ್ಟಿನ ಪೆಟ್ಟಿಗೆ. ಮುಚ್ಚಳದ ಒಳಗಡೆ ಅಂಟಿಸಿದ ಕಾಗದದಲ್ಲಿ ಪಶುವೈದ್ಯರ ಫೋನ್ ನಂಬರು, ಅದರ ಕೆಳಗೆ ಅಕ್ಕನ ದುಂಡು ಅಕ್ಷರ: "ಮೊದಲು ಗಾಡಿ ಪಕ್ಕಕ್ಕೆ ಹಾಕು. ನೀನು ಸತ್ತರೆ ನಾಯಿಗೇನೂ ಲಾಭವಿಲ್ಲ. ಗವಸು ಹಾಕದೆ ಮುಟ್ಟಬೇಡ, ನೋವಿನಲ್ಲಿರುವುದು ಯಾವುದೂ ಸಾಧುವಲ್ಲ. ಕಾಲು ಹಿಡಿದು ಎಳೆಯಬೇಡ, ಟವೆಲಿನ ಮೇಲೆ ಸರಿಸಿ ಎತ್ತು. ನೀರು ಕುಡಿಸಬೇಡ. ಫೋನು ಮಾಡು. ಜೊತೆಯಲ್ಲೇ ಇರು."

ತಳದಲ್ಲಿ ಆರು ಟವೆಲುಗಳಿದ್ದವು. ಒಂದನ್ನು ತೆಗೆದು ಅದರ ಮೂಲೆ ಹುಡುಕಿದ. ಲಾಂಡ್ರಿಯ ಬಟ್ಟೆಗಳಿಗೆ ಮೂಲೆಯಲ್ಲಿ ಕೆಂಪು ದಾರದ ಗುರುತು ಹೊಲಿದಿರುತ್ತಾರೆ. ಇಲ್ಲಿ ದಾರವಿರಲಿಲ್ಲ. ಸೂಜಿಯ ತೂತುಗಳು ಮಾತ್ರ, ಸಾಲಾಗಿ. ಎರಡನೆಯದರಲ್ಲೂ ಹಾಗೇ. ಆರರಲ್ಲೂ ಹಾಗೇ. ಒಂದೊಂದೇ ಹೊಲಿಗೆಯನ್ನು ಬಟ್ಟೆ ಹರಿಯದಂತೆ ಬಿಚ್ಚಿದ್ದಳು.

ಅವನು ಡಿಕ್ಕಿಯ ಅಂಚಿನ ಮೇಲೆ ಕೂತುಬಿಟ್ಟ.

* * *

ಆರು ವರ್ಷದ ಹಿಂದೆ, ಹೆಡ್ಮಾಸ್ಟರ ಹುದ್ದೆಗೆ ಸಂದರ್ಶನವಿದ್ದ ಬೆಳಿಗ್ಗೆ ಅವನ ಸ್ಕೂಟರು ಕೈಕೊಟ್ಟಿತ್ತು. ಅಕ್ಕ ವ್ಯಾನಿನ ಬೀಗದ ಕೈ ಕೊಟ್ಟಳು.

"ಯಾರಿಗೂ ಹೇಳ್ಬೇಡ ಪುಟ್ಟಾ. ಹೊರಗಿನವರ ಕೈಗೆ ವ್ಯಾನು ಕೊಟ್ರೆ ಯಜಮಾನಿ ನನ್ನನ್ನೂ ಒಗೆದು ಹಿಂಡಿ ಒಣಗಾಕ್ತಾರೆ. ಇವತ್ತು ಅವರು ಊರಲ್ಲಿಲ್ಲ, ಆಸ್ಪತ್ರೆ ಬಟ್ಟೆ ಒಂದು ಗಂಟೆ ಮೇಲೆ. ಅಷ್ಟರಲ್ಲಿ ತಂದ್ಬಿಡು."

ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಕಂದು ಬಿಳಿ ನಾಯಿ ಅಡ್ಡ ಬಂತು. ಅವನು ಬ್ರೇಕು ಒತ್ತಿದ. ಸಾಲಲಿಲ್ಲ.

ಇಳಿದು ನೋಡಿದರೆ ಜೀವವಿತ್ತು. ಹಿಂಗಾಲು ಎಳೆದುಕೊಂಡು ಚರಂಡಿಯ ಕಡೆ ಹೋಗಲು ನೋಡುತ್ತಿತ್ತು. ಅಕ್ಕ ಆಗ ವ್ಯಾನಿನಲ್ಲೇ ಇಟ್ಟಿರುತ್ತಿದ್ದ ಡಬ್ಬಿ ತೆಗೆದ, ಗವಸು ಹಾಕಿಕೊಂಡ. ಟವೆಲಿನ ಮೇಲೆ ಸರಿಸಿ ರಸ್ತೆಯ ಪಕ್ಕಕ್ಕೆ ತಂದು ಮಲಗಿಸಿದ. ಇಷ್ಟರವರೆಗೂ ಅಕ್ಕ ಬರೆದಿಟ್ಟ ಹಾಗೇ ಮಾಡಿದ್ದ. ಪಶುವೈದ್ಯರ ಆಸ್ಪತ್ರೆಗೆ ಅಲ್ಲಿಂದ ಐದು ನಿಮಿಷದ ದಾರಿ. ಗಡಿಯಾರ ನೋಡಿದ. ಸಂದರ್ಶನ ಒಂಬತ್ತಕ್ಕೆ, ಇನ್ನು ಹತ್ತು ನಿಮಿಷವಿತ್ತು.

ಮುಗಿಸಿಕೊಂಡು ಬರ್ತೀನಿ ಅಂತ ನಾಯಿಗೆ ಹೇಳಿದ. ನಿಜವಾಗಿ ಬಾಯಿಬಿಟ್ಟು ಹೇಳಿದ. ಅದು ಅವನನ್ನೇ ನೋಡುತ್ತಿತ್ತು. ಆ ನೋಟ ತಡೆಯಲಾರದೆ ಟವೆಲಿನ ತುದಿಯನ್ನು ಅದರ ಮುಖದ ಮೇಲೆ ಎಳೆದು ಹೊರಟ.

ಹನ್ನೆರಡಕ್ಕೆ ವಾಪಸು ಬಂದಾಗ ನಾಯಿಯೂ ಇರಲಿಲ್ಲ, ಟವೆಲೂ ಇರಲಿಲ್ಲ. ಅವನಿಗೆ ಸಮಾಧಾನವಾಯಿತು. ಮುಂದೆ ಎಷ್ಟೋ ಸಲ ನೆನೆದು ಹಲ್ಲು ಕಚ್ಚಿಕೊಂಡದ್ದು ಗುದ್ದಿದ ಸದ್ದನ್ನಲ್ಲ, ಆ ಸಮಾಧಾನವನ್ನು.

ಸಂಜೆ ಅಕ್ಕ ವ್ಯಾನು ತೊಳೆಯುತ್ತಾ ಡಬ್ಬಿ ನೋಡಿಕೊಂಡಳು.

"ಪುಟ್ಟಾ, ಟವೆಲು ಒಂದು ಕಮ್ಮಿ ಇದೆ."

"ನಂಗೇನ್ ಗೊತ್ತು? ನೀನೇ ಎಲ್ಲೋ ಬಿಟ್ಟಿರ್ತೀಯ."

ಅಕ್ಕ ಅವನ ಕಡೆ ನೋಡಿದಳು. ಕೈಯಲ್ಲಿದ್ದ ಚಿಂದಿಯನ್ನು ಬಕೀಟಿನೊಳಗೆ ಅದ್ದಿ, ಹಿಂಡಿ, "ಇರಬಹುದು" ಅಂದಳು. ಆಮೇಲೆ, "ಸಂದರ್ಶನ ಹೇಗಾಯ್ತು?"

* * *

ಕಾರಿನಲ್ಲಿ ಚಿಕ್ಕಪ್ಪ ಮೂಗು ಅರಳಿಸಿದರು. ಅವರಿಗೆ ಎಂಬತ್ತೈದು, ಕಿವಿ ಮಂದ, ಮೂಗು ಚುರುಕು.

"ಇದೇನೋ ವಾಸನೆ?"

"ನಾಯೀದು ಚಿಕ್ಕಪ್ಪ."

"ಸದ್ಯ. ನಂದೇ ಅಂದ್ಕೊಂಡಿದ್ದೆ."

ಹೆಂಡತಿ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಚಿಕ್ಕಪ್ಪ ಮುಂದುವರಿಸಿದರು. "ಜನ ಕಾರು ತಗೊಂಡು ಅದಕ್ಕೆ ಡಬ್ಬಿ ಇಡ್ತಾರೆ. ಇವಳು ಡಬ್ಬಿ ಇಡೋಕೆ ಅಂತ ಕಾರು ತಗೊಂಡ್ಲು. ವ್ಯಾನು ಕಿತ್ಕೊಂಡ್ರಲ್ಲ, ಆಮೇಲೆ. ಯಾಕೋ ಕಿತ್ಕೊಂಡ್ರು?"

"ಹಳೇ ವಿಷಯ ಬಿಡಿ ಚಿಕ್ಕಪ್ಪ," ಅಂದ ತಮ್ಮ.

ಸ್ಮಶಾನದಲ್ಲಿ ನಲವತ್ತು ಜನರಿದ್ದಿರಬಹುದು. ಲಾಂಡ್ರಿಗೆ ಅರ್ಧ ದಿನ ರಜೆ ಕೊಟ್ಟಿದ್ದರು. ಇಸ್ತ್ರಿಯವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. ದಪ್ಪ ತೋಳಿನ, ದೊಡ್ಡ ಗಂಟಲಿನ ಹೆಂಗಸು, ಅಕ್ಕನ ಎದುರು ಮೇಜಿನವಳು. ಶವಪೆಟ್ಟಿಗೆ ಗುಂಡಿಗೆ ಇಳಿಸುವ ಮುಂಚೆ ಯಾರೋ, "ಹೆಡ್ಮಾಸ್ಟರು ಎರಡು ಮಾತಾಡಲಿ" ಅಂದರು.

ಅವನು ಕೋಟಿನ ಗುಂಡಿ ಹಾಕಿಕೊಂಡ. "ನಮ್ಮ ಅಕ್ಕ ಕಷ್ಟಜೀವಿ. ಸರಳ ಸ್ವಭಾವದವರು. ಅವರ ಅಗಲಿಕೆ ತುಂಬಲಾರದ ನಷ್ಟ." ಪ್ರತಿ ವರ್ಷ ಯಾರಾದರೂ ಮೇಷ್ಟ್ರು ನಿವೃತ್ತರಾದಾಗ ಆಡುವ ಮಾತುಗಳೇ ಸಾಲುಗಟ್ಟಿ ಬಂದವು. ನಾಯಿ ಎಂಬ ಪದ ಬರಲಿಲ್ಲ. ಡಬ್ಬಿ ಎಂಬ ಪದವೂ ಬರಲಿಲ್ಲ. ಇಸ್ತ್ರಿಯವಳು ಅವನ ಬಾಯನ್ನೇ ನೋಡುತ್ತಿದ್ದಳು. ಅವನು, "ಇಷ್ಟು ಹೇಳಿ..." ಅಂದು, ನನ್ನ ಮಾತು ಮುಗಿಸುತ್ತೇನೆ ಎನ್ನುವುದನ್ನು ನುಂಗಿಕೊಂಡು ಹಿಂದೆ ಸರಿದ.

ಮಣ್ಣು ಹಾಕಿದ ಮೇಲೆ ಲಾಂಡ್ರಿಯ ಯಜಮಾನಿ ಹತ್ತಿರ ಬಂದು ಅವನ ಕೈ ಹಿಡಿದರು. ಕಣ್ಣು ಒದ್ದೆಯಾಗಿತ್ತು.

"ಅವಳಂಥ ಕೆಲಸದವಳು ನಂಗೆ ಇನ್ನು ಸಿಗೋದಿಲ್ಲ ಮೇಷ್ಟ್ರೇ. ಆ ನಾಯಿ ವಿಷಯ ಒಂದು ಬಿಟ್ರೆ, ಅವಳ ಮೇಲೆ ಒಂದು ಕಲೆ ಅನ್ನೋದು ಇರ್ಲಿಲ್ಲ."

"ಹೌದು," ಅಂದ ತಮ್ಮ.

* * *

ನಾಯಿ ಒಬ್ಬ ದರ್ಜಿಯದು. ಮುದುಕ, ಹೆಂಡತಿ ತೀರಿಕೊಂಡವನು. ಹೊಲಿಗೆ ಯಂತ್ರದ ಕೆಳಗೆ ಅವನ ಪಾದದ ಪಕ್ಕ ಅದು ಮಲಗುತ್ತಿತ್ತು. ಅವತ್ತು ಹತ್ತೂವರೆಗೆ ಅದನ್ನು ಕಂಡು ಎತ್ತಿಕೊಂಡು ಓಡಿದ್ದನಂತೆ. ಒಂದು ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿತ್ತು ಅಂದರಂತೆ ಪಶುವೈದ್ಯರು.

ದರ್ಜಿಯ ಕಣ್ಣಿಗೆ ದಾರ ತಪ್ಪುವುದಿಲ್ಲ. ಟವೆಲಿನ ಮೂಲೆಯ ಕೆಂಪು ಹೊಲಿಗೆ ಯಾವ ಲಾಂಡ್ರಿಯದೆಂದು ಅವನಿಗೆ ಗೊತ್ತಿತ್ತು. ಆ ಲಾಂಡ್ರಿಯ ವ್ಯಾನಿನಲ್ಲಿ ಟವೆಲು, ಗವಸು ಇಟ್ಟುಕೊಂಡು ತಿರುಗುವವಳು ಯಾರೆಂದು ಇಡೀ ಊರಿಗೆ ಗೊತ್ತಿತ್ತು. ಮಾರನೇ ದಿನ ಬಂದು ಟವೆಲನ್ನು ಮಡಚುವ ಮೇಜಿನ ಮೇಲೆ ಹರಡಿದ.

"ಗೊತ್ತಿಲ್ಲದೋರು ಗುದ್ದಿ ಓಡಿಹೋಗಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ಎಲ್ಲಾ ಗೊತ್ತಿರೋಳು ನೀನು. ಜೀವ ಇರೋದಕ್ಕೆ ಮುಖ ಮುಚ್ಚಿ ಹೋದೆಯಲ್ಲಮ್ಮಾ!"

ಆಗ ಅಕ್ಕ, "ಟವೆಲು ನನ್ನ ಡಬ್ಬಿದೇ" ಅಂದಳು. ಅಷ್ಟೇ ಅಂದಳು. ಯಜಮಾನಿ ವ್ಯಾನಿನ ಬೀಗದ ಕೈ ತೆಗೆದುಕೊಂಡರು. 'ಡಬ್ಬಿ ಅಕ್ಕ' ಎಂದು ಪ್ರೀತಿಯಿಂದ ಕರೆಯುತ್ತಿದ್ದವರು ಅದೇ ಹೆಸರನ್ನು ಮೂತಿ ತಿರುವಿ ಕರೆಯತೊಡಗಿದರು. ತಮ್ಮ ಹೆಡ್ಮಾಸ್ಟರಾದ. ಕಾರು ಕೊಂಡ ಮೇಲೆ ಅಕ್ಕ ಒಮ್ಮೆ ಅವನನ್ನು ಶಾಲೆಗೆ ಬಿಡಲು ಬಂದಾಗ, "ಇಲ್ಲೇ ನಿಲ್ಸು, ಗೇಟಿನವರೆಗೆ ಬೇಡ" ಅಂದಿದ್ದ. ಅವಳು ನಿಲ್ಲಿಸಿದ್ದಳು.

ದರ್ಜಿ ಮಗಳ ಊರಿಗೆ ಹೋಗುವಾಗ, ಬಟ್ಟೆ ಹೊಲಿಯಲು ಕೊಟ್ಟವರಿಗಾಗಿ ಹೊಸ ವಿಳಾಸವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದ. ತಮ್ಮ ಅದನ್ನು ಬರೆದುಕೊಂಡು ಬಂದು ಒಂದು ಕಾಗದ ಬರೆದ. "ನಿಮ್ಮ ನಾಯಿಗೆ ಗುದ್ದಿದ್ದು ಲಾಂಡ್ರಿಯ ಹೆಂಗಸಲ್ಲ. ಅಂದು ವ್ಯಾನು ಬೇರೆಯವರ ಕೈಯಲ್ಲಿತ್ತು. ಇದು ಸತ್ಯ." ಕೆಳಗೆ ಸಹಿ ಹಾಕಲಿಲ್ಲ. ಸಹಿಯಿಲ್ಲದ ಕಾಗದವನ್ನು ಯಾರೂ ನಂಬುವುದಿಲ್ಲ ಎಂದು ಮಕ್ಕಳಿಗೆ ಪತ್ರಲೇಖನ ಕಲಿಸುವಾಗ ಅವನೇ ಹೇಳುತ್ತಿದ್ದ. ಹಾಕದೆ ಕಳಿಸಲು ನಾಚಿಕೆ, ಹಾಕಿ ಕಳಿಸಲು ಭಯ. ಲಕೋಟೆ ಕೋಟಿನ ಒಳಜೇಬಿನಲ್ಲೇ ಉಳಿಯಿತು. ಸಂದರ್ಶನಕ್ಕೆ ಹಾಕಿಕೊಂಡಿದ್ದ ಕೋಟು ಅದು. ಅವನಿಗೆ ಇರುವುದು ಒಂದೇ.

* * *

ಜನ ಕರಗುತ್ತಿದ್ದರು. ಇಸ್ತ್ರಿಯವಳು ಗೇಟಿನ ಹತ್ತಿರ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಳು.

"ಚೆನ್ನಾಗಿ ಮಾತಾಡಿದ್ರಿ ಮೇಷ್ಟ್ರೇ. ತುಂಬಲಾರದ ನಷ್ಟ."

ಅವನು ಮಣ್ಣಾದ ಅಂಗೈ ನೋಡಿಕೊಂಡ.

"ದರ್ಜಿ ಅಂಗಡಿಗೆ ಅವಳು ಹೋಗಿದ್ದು ಗೊತ್ತಾ ನಿಮಗೆ? ನಾನೂ ಜೊತೇಲಿದ್ದೆ. 'ಗುದ್ದಿದ್ದೂ ನಾನೇ, ಬಿಟ್ಟು ಹೋಗಿದ್ದೂ ನಾನೇ, ತಪ್ಪಾಯ್ತು' ಅಂತ ಕೈ ಮುಗಿದ್ಲು. ಆ ಮುದುಕ ತಲೆ ಎತ್ತಿ ನೋಡ್ಲಿಲ್ಲ. ಬರ್ತಾ ದಾರೀಲಿ ನಾನು ಹಿಡ್ಕೊಂಡೆ. ಯಾಕೇ ಸುಳ್ಳು ಹೇಳ್ದೆ, ಆ ಬೆಳಿಗ್ಗೆ ಪೂರ್ತಿ ನನ್ನ ಎದುರಲ್ಲೇ ಕೂತು ಹರಿದಿದ್ದು ಹೊಲೀತಾ ಇದ್ದೆಯಲ್ಲ ಅಂತ."

"ಏನಂದ್ಲು?"

"ನಕ್ಕಳು. 'ನಮ್ಮ ಪುಟ್ಟ ಸ್ವಲ್ಪ ನಿಧಾನ ಕಣೇ. ಚಿಕ್ಕೋನಿದ್ದಾಗ ಲೋಟ ಒಡೆದ್ರೂ ಒಪ್ಕೊಳ್ಳೋಕೆ ವಾರ ಬೇಕಾಗ್ತಿತ್ತು. ಅವನೇ ಬಂದು ಹೇಳ್ತಾನೆ. ಅಲ್ಲೀವರೆಗೆ ನೀನು ಬಾಯಿ ಬಿಡ್ಬೇಡ' ಅಂದ್ಲು." ಇಸ್ತ್ರಿಯವಳು ನಲ್ಲಿ ನಿಲ್ಲಿಸಿದಳು. "ಆರು ವರ್ಷ ನಾನು ಬಾಯಿ ಬಿಡ್ಲಿಲ್ಲ. ಹೊಸ ವರ್ಷ ಬಂದಾಗೆಲ್ಲ ಕೇಳೋಳು ನಾನು, ಬಂದ್ನೇನೇ ನಿನ್ನ ತಮ್ಮ ಅಂತ. ಬರ್ತಾನೆ ಬಿಡು ಅನ್ನೋಳು. ಇವತ್ತು ಗುಂಡಿ ಪಕ್ಕ ನಿಂತು ಬಾಯಿ ತೆಗೆದ್ರಲ್ಲ, ಬಂತು ನೋಡು ಅಂದ್ಕೊಂಡೆ."

"ನಾನೇ... ಗುದ್ದಿದ್ದು ನಾನೇ."

"ನಂಗೆ ಹೇಳಿ ಏನ್ ಬಂತು ಮೇಷ್ಟ್ರೇ? ನಂಗೆ ಮೊದಲೇ ಗೊತ್ತಿತ್ತಲ್ಲ."

ಯಜಮಾನಿಯ ಕಾರು ಗೇಟು ದಾಟುತ್ತಿತ್ತು. ಅವನು ಅಡ್ಡ ಹೋಗಿ ಕಿಟಕಿ ತಟ್ಟಿದ. ಗಾಜು ಇಳಿಯಿತು. ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದ. ಯಜಮಾನಿಯ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ನಿಧಾನವಾಗಿ ಕೆಂಪೇರಿತು. "ಆರು ವರ್ಷ ನಾನು ಅವಳಿಗೆ ಒಂದು ಸಲ..." ಅಂದವರು ಪೂರ್ತಿ ಮಾಡದೆ ಗಾಜು ಏರಿಸಿದರು.

ಚಿಕ್ಕಪ್ಪನನ್ನು ಹತ್ತಿಸುತ್ತಿದ್ದ ಹೆಂಡತಿ, "ರೀ, ಎಲ್ಲಿಗೆ?" ಎಂದು ಕೂಗಿದಳು.

"ನೀವು ಹೋಗ್ತಿರಿ. ನಾನು ಬಂದು ನಿಂಗೂ ಒಂದು ವಿಷಯ ಹೇಳೋದಿದೆ."

ಅಂಚೆ ಕಚೇರಿ ಎರಡು ಬೀದಿ ಆಚೆ. ಒಳಗೆ ಏಳೆಂಟು ಜನ ಸಾಲಿನಲ್ಲಿದ್ದರು. ಅವರಲ್ಲಿ ಇಬ್ಬರು ಶಾಲೆಯ ಮಕ್ಕಳ ತಂದೆಯರು, ಅವನನ್ನು ನೋಡಿ ದುಃಖದ ಮುಖ ಮಾಡಿ ಜಾಗ ಬಿಡಲು ಹೋದರು. ಅವನು ಬೇಡವೆಂದು ಗೋಡೆಯ ಪಕ್ಕದ ಮೇಜಿಗೆ ಹೋದ. ಲಕೋಟೆ ಬಿಡಿಸಿ, ದಾರ ಕಟ್ಟಿ ಇಟ್ಟಿದ್ದ ಪೆನ್ನು ಎಳೆದುಕೊಂಡು, 'ಬೇರೆಯವರ ಕೈಯಲ್ಲಿತ್ತು' ಎನ್ನುವುದನ್ನು ಹೊಡೆದುಹಾಕಿ 'ನನ್ನ ಕೈಯಲ್ಲಿತ್ತು' ಎಂದು ಬರೆದ. ಅದರ ಕೆಳಗೆ ಬರೆದ: "ಅದಕ್ಕೆ ಜೀವವಿತ್ತು. ನನ್ನನ್ನು ನೋಡುತ್ತಿತ್ತು. ಮುಖ ಮುಚ್ಚಿದ್ದು ನಾನು. ಅವಳಾಗಿದ್ದರೆ ನಿಮ್ಮ ನಾಯಿ ಉಳಿಯುತ್ತಿತ್ತು. ಅವಳನ್ನು ಇವತ್ತು ಮಣ್ಣು ಮಾಡಿದೆವು." ಸಹಿ ಹಾಕಿದ. ಅಂಟು ಹಚ್ಚಿದ. ಸಾಲಿನ ಕೊನೆಗೆ ಬಂದು ನಿಂತ.

"ರಿಜಿಸ್ಟರು," ಅಂದ, ಅವನ ಸರದಿ ಬಂದಾಗ.

ಕೌಂಟರಿನ ಹೆಂಗಸು ಲಕೋಟೆ ತಿರುಗಿಸಿ ನೋಡಿದಳು. "ಹಳೇ ಕವರು ಸಾರ್, ಮಣ್ಣು ಬೇರೆ ಆಗಿದೆ. ಹೊಸದು ಕೊಡ್ಲಾ?"

"ಬೇಡ. ಹೀಗೇ ಹೋಗ್ಲಿ."

"ಕಳಿಸೋರ ಜಾಗ ಖಾಲಿ ಇದೆ. ಹೆಸರು ಹೇಳಿ."

ಅವನು ಹೇಳಿದ.

"ಕೇಳಿಸ್ಲಿಲ್ಲ ಸಾರ್. ಫ್ಯಾನಿನ ಸದ್ದು. ಜೋರಾಗಿ."

ಅವನು ಹೇಳಿದ. ಅವಳು ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದು, ಲಕೋಟೆಯನ್ನು ಅವನ ಕಡೆ ತಿರುಗಿಸಿ, "ಇದೇ ತಾನೇ?" ಅಂದಳು.

"ಅದೇ."

ಅವಳು ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು. ಅದು ಬಾಯಿಯ ಅಂಚಿಗೆ ಸಿಕ್ಕಿ, ಅವನ ಹೆಸರಿನ ಕಡೆ ಮೇಲಾಗಿ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೊಬ್ಬರ ಕಾಗದ ಬಂದು ಬಿದ್ದ ಭಾರಕ್ಕೆ ಒಳಗೆ ಜಾರಿತು.