ರಟ್ಟಿನ ಪೆಟ್ಟಿಗೆ

“ಸಾಕು ಆಂಟಿ, ಒಂದು ಹಿಡಿ ಸಾಕು,” ಎಂದು ಭವ್ಯಶ್ರೀ ಹೇಳುವಷ್ಟರಲ್ಲಿ ಜಯಲಕ್ಷ್ಮಿ ಆಂಟಿ ಅಕ್ಕಿಯ ಪ್ಯಾಕೆಟ್ಟನ್ನೇ ಶವಪೆಟ್ಟಿಗೆಯೊಳಗೆ ಸುರಿದುಬಿಟ್ಟಿದ್ದರು.

ಒಳಗೆ ಮಲಗಿದ್ದವಳು ಭವ್ಯಶ್ರೀಯ ತಾಯಿ ಅಕ್ಕು. ಮೆಲ್ಬರ್ನಿಗೆ ಹೊಸದಾಗಿ ಬಂದ ಕನ್ನಡದ ಸಂಸಾರಗಳಿಗೆ ಕೈ ಬಿಗಿ ಹಿಡಿದು ಮನೆ ನಡೆಸುವುದನ್ನು, ಸಿಪ್ಪೆ-ತೊಟ್ಟುಗಳಲ್ಲೇ ರುಚಿಯಾಗಿ ಅಡುಗೆ ಮಾಡುವುದನ್ನು ಪುಸ್ತಕ ಬರೆದು ಕಲಿಸಿದವಳು. ಪೆಟ್ಟಿಗೆ ರಟ್ಟಿನದು. ಗಂಧದ ಕೊರಡು, ರೇಷ್ಮೆ ಸೀರೆ, ಬೊಗಸೆ ಬೊಗಸೆ ಅಕ್ಕಿ ತುಂಬಿ ಆ ಪುಸ್ತಕ ಓದಿದ ಹೆಂಗಸರೆಲ್ಲ ಋಣ ತೀರಿಸುತ್ತಿದ್ದರು. ಬೇಡವೆಂದರೆ ತಾಯಿಯ ಸಾವಿನಲ್ಲೂ ಜಿಪುಣತನವೇ ಎಂದಾರು. ಸುಮ್ಮನಿದ್ದರೆ ತಳ ಕಿತ್ತು, ಎಲ್ಲರ ಕಣ್ಣೆದುರಿಗೆ ಅಮ್ಮ ನೆಲಕ್ಕೆ ಬಿದ್ದರೆ?

ಸಿಡ್ನಿಯ ಟೂಂಗಾಬಿಯಿಂದ ಬೆಳಿಗ್ಗೆಯಷ್ಟೇ ಬಂದಿಳಿದ ಅಣ್ಣ ಸುಕೇಶ್ ಅವಳ ಕಿವಿಯ ಹತ್ತಿರ ಬಗ್ಗಿದ. “ಫ್ರಿಜ್ಜು ಬರ್ತದಲ್ಲ, ಆ ಟೈಪ್ ಬಾಕ್ಸ್ ಇದು. ನಂಗೊಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ? ಮರದ್ದು ನಾನೇ ಬುಕ್ ಮಾಡ್ತಿದ್ದೆ.”

“ಅಮ್ಮನೇ ಹೇಳಿದ್ದು ಅಣ್ಣ.”

*

ಹೇಳಿದ್ದು ಹೌದು. ಮೆಲ್ಬರ್ನಿನ ಅಂಚಿನ ಟ್ರುಗನಿನಾದ ಮನೆಯಲ್ಲಿ ಕಲ್ಲಂಗಡಿಯ ಬಿಳಿ ತಿರುಳನ್ನು ದೋಸೆಗೆಂದು ಹೆಚ್ಚುತ್ತ, ಅದನ್ನು ಕಸದ ಬಿನ್ನಿಗೆ ಎಸೆಯುವವರನ್ನೆಲ್ಲ ಬೈದು ಮುಗಿಸಿ, ಅದೇ ಉಸಿರಿನಲ್ಲಿ ಹೇಳಿದ್ದಳು.

“ಸುಡುವ ಪೆಟ್ಟಿಗೆಗೆ ಒಳ್ಳೆ ಮರ ಎಂತಕ್ಕೆ ಮಾರಾಯ್ತಿ? ರಟ್ಟಿಂದು ಸಿಗ್ತದಂತೆ. ಅದೇ ತರಿಸು. ಆಣೆ ಹಾಕು.”

“ಅಮ್ಮಾ, ಅಂಥ ಮಾತೆಲ್ಲ ಬೇಡ.”

“ಆಣೆ ಹಾಕಿದ್ರೆ ಮಾತ್ರ ದೋಸೆ.”

ಮಗಳು ಆಣೆ ಹಾಕಿ ದೋಸೆ ತಿಂದಿದ್ದಳು.

*

ಚಿತಾಗಾರ ತಲುಪುವಾಗ ಮಳೆಹನಿ ಶುರುವಾಗಿತ್ತು. ಗಂಡಸರು ಗಾಡಿಯಿಂದ ಪೆಟ್ಟಿಗೆ ಎತ್ತಿದರು. ಒಳಗಿನ ಅಕ್ಕಿ ಸರಕ್ಕನೆ ಒಂದು ಕಡೆಗೆ ಜಾರಿತು. ರಟ್ಟು ಕರ್ರೆಂದಿತು, ತಳ ನಡುವಿನಲ್ಲಿ ಜಗ್ಗಿತು.

“ನಿಧಾನ, ಸುಕೇಶ್, ನಿಧಾನ!” ಇನ್ನೊಂದು ತುದಿ ಹಿಡಿದಿದ್ದ ಕ್ರೇಗಿಬರ್ನಿನ ರುದ್ರಪ್ಪ ಅಂಕಲ್ ಕೂಗಿದರು.

ಹೆಂಗಸರು ಹೆಣಕ್ಕೆ ಹೆಗಲು ಕೊಡುವ ರೂಢಿಯಿಲ್ಲವೆಂಬುದು ಭವ್ಯಶ್ರೀಗೆ ಗೊತ್ತಿತ್ತು. ಆದರೂ ನುಗ್ಗಿದಳು.

“ಭವ್ಯಾ, ನೀನು ಆಚೆ ಹೋಗು,” ಸುಕೇಶ್ ಗದರಿದ.

“ಹೋಗುದಿಲ್ಲ.” ಬಗ್ಗಿ ಎರಡೂ ಅಂಗೈಗಳನ್ನು ತಳಕ್ಕೆ ಒತ್ತಿ ಹಿಡಿದಳು.

ತೆಳು ರಟ್ಟಿನಾಚೆ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಅಮ್ಮನ ಬೆನ್ನು. ಚಿಕ್ಕಂದಿನಲ್ಲಿ ಅವುಚಿಕೊಂಡು ಮಲಗುತ್ತಿದ್ದ ಬೆನ್ನು, ಎಲುಬು ಎಲುಬಾಗಿ, ಅಂಗೈಯೊಳಗೆ.

ಬಾಗಿಲಲ್ಲಿ ಕಾಯುತ್ತಿದ್ದ ಚಕ್ರದ ಮೇಜಿನ ಮೇಲೆ ಪೆಟ್ಟಿಗೆಯನ್ನು ಇಳಿಸಿದರು.

“ಕೈ ತೆಗಿ ಭವ್ಯಾ, ಅಡಿಯಲ್ಲಿ ಸಿಕ್ಕಿಕೊಳ್ತದೆ,” ಎಂದ ಸುಕೇಶ್. ಈ ಸಲ ಮೆಲ್ಲಗೆ.

ಭಾರವೆಲ್ಲ ಬೆರಳುಗಳ ಮೇಲೆ ಕೂತಿತು. ಅವಳು ಕೈ ತೆಗೆಯಲಿಲ್ಲ.