ಎಂಟನೆಯ ಸುತ್ತು

ಎಲೆಯೊಂದು ಗದ್ದಕ್ಕೆ ತಾಗುತ್ತಿದೆ, ತಣ್ಣಗೆ, ಬಸ್ಸು ಗುಂಡಿಗಿಳಿದಾಗಲೆಲ್ಲ ತಾಗುತ್ತದೆ, ತಡಿ ತಾಯಿ, ಗುಡ್ನಾಪುರದ ಕೆರೆ ದಾಟಲಿ, ಆಮೇಲೆ ರಸ್ತೆ ನೆಟ್ಟಗಾಗುತ್ತದೆ, ತೊಡೆಯ ಮೇಲೆ ಆಲದ ಮರ ಕೂರಿಸಿಕೊಂಡು ಬನವಾಸಿಯಿಂದ ಶಿರಸಿಗೆ ಹೊರಟ ಹೆಂಗಸು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು — ಮರವೆಂದರೆ ಗೇಣಿನ ಮೇಲೆ ನಾಲ್ಕು ಬೆರಳು, ಟೇಪು ಹಿಡಿದರೆ ಹನ್ನೆರಡೂವರೆ ಇಂಚು, ಮೂವತ್ತು ವರ್ಷ ಜಂಪರು ಹೊಲಿದವಳ ಅಳತೆ ಇದು, ತಪ್ಪುವುದಿಲ್ಲ — ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಅರಿಶಿನ ಕುಂಕುಮ ಬಳಿದುಕೊಂಡ ಮರ ಕಂಡದ್ದೇ ತಡ ಮೂರು ಮಂದಿ ಎದ್ದು ನಿಂತರು, ನನಗಾಗಿ ಅಲ್ಲ, ಅದಕ್ಕಾಗಿ, ಕಂಡಕ್ಟರು ಕೈಮುಗಿದು ಯಾವ ದೇವರ್ರೀ ಇದು ಅಂದ, ದೇವರಲ್ಲಪ್ಪ, ಬೋನ್ಸಾಯಿ, ಅಂದರೆ ನಂಬಲಿಲ್ಲ, ನನಗೂ ಸೊನ್ನೆ ಟಿಕೆಟು, ಮರಕ್ಕೂ ಸೊನ್ನೆ. ಗಂಟೆ ಒಂಬತ್ತು ಹತ್ತು ಈಗ, ಹತ್ತೂವರೆಗೆ ಗಿಡಮೇಳದ ನೋಂದಣಿ ಮುಗಿಯುತ್ತದೆ, ಸಮಯವಿದೆ, ಸಮಯ ಇರುವುದೇ ಕಷ್ಟ, ಸುಮ್ಮನೆ ಯೋಚನೆ ಬರುತ್ತದೆ, ಕಾಂಡಕ್ಕೆ ದಾರ, ಎಂಟು ಸುತ್ತು, ಏಳು ಹಳದಿ, ಒಂದು ಹಸಿರು, ಮೇಳದ ನಾಲ್ಕನೇ ನಿಯಮ ಏನು ಹೇಳುತ್ತದೆ, ಗಿಡದ ಮೇಲೆ ತಂತಿ, ದಾರ ಏನಿದ್ದರೂ ಸ್ಪರ್ಧೆಗೆ ಸೇರಿಸುವುದಿಲ್ಲ. ಎರಡು ವರ್ಷದಿಂದ ನನಗೆ ಎರಡನೇ ಬಹುಮಾನ, ಎರಡು ಸಲವೂ ಯಲ್ಲಾಪುರದವರ ಹುಣಸೆಗೆ ಮೊದಲನೆಯದು, ಹುಣಸೆ ಚೆಂದವಿದೆ, ಸುಳ್ಳು ಹೇಳಬಾರದು, ಆದರೆ ಈ ಸಲ ನನ್ನ ಆಲ ಮೂರು ಬಿಳಲು ಇಳಿಸಿದೆ, ಎಳನೀರು ಕುಡಿಯುವ ಸ್ಟ್ರಾದೊಳಗೆ ಹಾವಸೆ ತುಂಬಿ ಒಂದೊಂದನ್ನೂ ಮಣ್ಣು ಮುಟ್ಟಿಸಲು ಆರು ವರ್ಷ ಹಿಡಿದಿದೆ ನನಗೆ, ಈ ಸಲ ಮೊದಲನೆಯದೇ ಬೇಕು, ಹೇಳಿಕೊಳ್ಳಲು ನಾಚಿಕೆ ಏನು, ಬೇಕು.

ಇವತ್ತು ಕಾರಹುಣ್ಣಿಮೆ ಎನ್ನುವುದೇ ತಲೆಯಲ್ಲಿ ಇರಲಿಲ್ಲ, ಮೇಳ ಮೇಳ ಮೇಳ, ನಿನ್ನೆ ಸಂಜೆಯೇ ಮರವನ್ನು ಜಗಲಿಯ ಮೇಲೆ ತಂದಿಟ್ಟಿದ್ದೆ, ಬೆಳಿಗ್ಗೆ ಸ್ನಾನ ಮುಗಿಸಿ ಕೂದಲು ಒರೆಸಿಕೊಳ್ಳುತ್ತ ಬರುತ್ತೇನೆ, ಜಗಲಿಯ ತುಂಬ ಊದುಬತ್ತಿಯ ಹೊಗೆ, ನಡುವೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ನನ್ನ ಅತ್ತೆ ಅನ್ನಪೂರ್ಣವ್ವ, ಹೊಸ ಇಳಕಲ್ ಸೀರೆ, ಎದುರಿಗೆ ನನ್ನ ಮರ, ಹಣೆಯ ತುಂಬ ಕುಂಕುಮ ಇಡಿಸಿಕೊಂಡು ಕೂತಿದೆ. ಅತ್ತಿ, ಏನ್ ಮಾಡಕತ್ತೀರಿ, ಅಂದೆ, ಕಾಣಂಗಿಲ್ಲೇನ, ಆಲದ ಪೂಜಿ, ಅಂದರು. ಕೆರೆಯ ಹಾದಿಯ ದೊಡ್ಡ ಆಲ ಹೋದ ವರ್ಷ ರಸ್ತೆ ಅಗಲ ಮಾಡುವಾಗ ಹೋಯಿತು, ಇನ್ನೊಂದು ಆಲ ಇರುವುದು ಎರಡು ಮೈಲಿ ಆಚೆ, ಅತ್ತೆಯ ಮಂಡಿ ಬಚ್ಚಲಿಗೆ ಹೋಗಿಬರುವಷ್ಟರಲ್ಲೇ ಗೋಳಾಡುತ್ತದೆ, ಗಂಡನ ಆಯುಷ್ಯಕ್ಕೆ ಅಂತ ಮರದ ಸುತ್ತ ಏಳು ಸುತ್ತು ಎಲ್ಲಿಂದ ಬರಬೇಕು. ಆದರೆ ಅತ್ತೆಗೆ ತಲೆಯಿದೆ, ಎಷ್ಟು ತಲೆಯಿದೆ ಅಂದರೆ, ನಾನು ಎಲೆ ಕತ್ತರಿಸುವಾಗ ಕುಂಡವನ್ನು ತಿರುಗಿಸಲಿಕ್ಕೆ ಅಂತ ನನ್ನ ಗಂಡ ಚನ್ನಬಸವ ಹಳೇ ಬೇರಿಂಗಿನ ಮೇಲೆ ಹಲಗೆ ಕೂರಿಸಿ ಒಂದು ಚಕ್ರ ಮಾಡಿಕೊಟ್ಟಿದ್ದಾರಲ್ಲ, ಮರವನ್ನು ಅದರ ಮೇಲೆ ಇಡಿಸಿದ್ದಾರೆ, ಎಡಗೈಯಲ್ಲಿ ದಾರದ ಉಂಡೆ, ಬಲಗೈಯ ಅರಿಶಿನದ ತೋರುಬೆರಳಿಂದ ಚಕ್ರವನ್ನು ತಳ್ಳುತ್ತಾರೆ, ಮರ ತಿರುಗುತ್ತದೆ, ದಾರ ತಾನಾಗಿ ಸುತ್ತಿಕೊಳ್ಳುತ್ತದೆ, ನಾ ಮರ ಸುತ್ತಿದರೇನು, ಮರ ನನ್ನ ಮುಂದ ಸುತ್ತಿದರೇನು, ಸಾವಿತ್ರಿಗೆ ಎಲ್ಲಾ ತಿಳೀತೈತಿ, ಅಂದರು. ನಗು ತಡೆಯಲಾಗಲಿಲ್ಲ ನನಗೆ, ನಾಲ್ಕನೇ ನಿಯಮ ನೆನಪಿದ್ದರೂ ನಕ್ಕೆ. ಮಾವ ಚಂದ್ರಶೇಖರಪ್ಪ ಚಹಾ ಕುಡಿಯುತ್ತ, ಮರಾ ಗೇಣುದ್ದ ಐತಿ, ನನ್ನ ಆಯುಷ್ಯನೂ ಗೇಣುದ್ದ ಆಕ್ಕೈತೇನ ಮತ್ತ, ಅಂದರು, ಅತ್ತೆ ತಿರುಗಿಯೂ ನೋಡದೆ, ಹಂಚಿನಷ್ಟ ಮಣ್ಣಾಗ ಹತ್ತೊಂಬತ್ತು ವರ್ಷ ಬದುಕೇತಿ ಅದು, ಸುಮ್ಕ ಕುಂದರ್ರಿ, ಅಂದರು. ಏಪ್ರಿಲ್ ತಿಂಗಳಲ್ಲಿ ಇದೇ ಮಾವ ಊಟದ ತಾಟಿನ ಮುಂದೆ ಎದೆ ಹಿಡಿದುಕೊಂಡು ಒರಗಿದ್ದರು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಂಟು ದಿನ, ಅತ್ತೆ ಎಂಟು ದಿನವೂ ಬಾಯಿ ಬಿಡಲಿಲ್ಲ, ಅಂಥ ಹೆಂಗಸು ಈಗ ಎಣಿಸುತ್ತಿದ್ದಾರೆ, ಐದು, ಆರು, ಏಳು, ಸಾಕು ಅತ್ತಿ, ಏಳಾತು, ಅಂದೆ ನಾನು, ಹಳದಿ ಉಂಡೆಯೂ ಮುಗಿದಿತ್ತು, ತಡಿಯವ್ವಾ, ಇನ್ನೊಂದೈತಿ, ಅಂತ ನನ್ನ ಹೊಲಿಗೆ ಮಷಿನ್ ಮೇಲಿದ್ದ ಗಿಳಿಹಸಿರು ರೀಲು ಇಸಿದುಕೊಂಡು ಇನ್ನೊಂದು ಸುತ್ತು ತಿರುಗಿಸಿದರು, ನಿಧಾನ, ತುಟಿ ಅಲುಗಿಸುತ್ತ, ವಯಸ್ಸಾಯಿತು, ಎಣಿಕೆ ತಪ್ಪಿದೆ ಅಂದುಕೊಂಡೆ. ಆ ಹೊತ್ತಿಗೆ ಬಸ್ಸಿನ ಹಾರನ್ನು ಕೇಳಿ, ಚಕ್ರವನ್ನು ಚೀಲಕ್ಕೆ ತುರುಕಿ, ಮರ ಎತ್ತಿಕೊಂಡು ಓಡಿದೆ.

ಕತ್ತರಿ ಚೀಲದಲ್ಲೇ ಇದೆ, ನೂಲು ಕತ್ತರಿಸುವ ಪುಟ್ಟ ಕತ್ತರಿ, ಶಿರಸಿಯಲ್ಲಿ ಇಳಿದು ಒಂದು ಮೂಲೆಗೆ ಹೋಗಿ ಎರಡು ಸಲ ಚಕ್ ಅನಿಸಿದರೆ ಮುಗಿಯಿತು, ದಾರ ಪರ್ಸಿಗೆ, ಸಂಜೆ ಮನೆ ತಲುಪುವ ಮೊದಲು ಮತ್ತೆ ಸುತ್ತಿ ಗಂಟು ಹಾಕಿದರಾಯಿತು, ನಾನು ಬಿಚ್ಚಿ ಹೊಲಿದದ್ದು ಹೊಲಿಸಿದವರಿಗೇ ಗೊತ್ತಾಗುವುದಿಲ್ಲ, ಅತ್ತೆಗೆ ಏನು ಗೊತ್ತಾಗುತ್ತದೆ. ಹಾಂ, ಅತ್ತೆಗೆ ಗೊತ್ತಾಗಲಿಕ್ಕಿಲ್ಲ, ನನಗೆ ಗೊತ್ತಿರುತ್ತದಲ್ಲ. ಹತ್ತೊಂಬತ್ತು ವರ್ಷ ಈ ಮರವನ್ನು ಅವರು ಮುಟ್ಟಿದವರಲ್ಲ, ಹೊಲಿಗೆ ಅಂಗಡಿಯ ಗೋಡೆಯ ಬಿರುಕಿನಿಂದ ಇಷ್ಟೇ ಇಷ್ಟು ಸಸಿಯನ್ನು ಕಿತ್ತು ಎಣ್ಣೆಯ ಡಬ್ಬಿಯಲ್ಲಿ ಊರಿದ ದಿನವೇ ಜಗಳ ಶುರು, ಆಲ ಕೀಳಬಾರದು, ಕಿತ್ತರೆ ನೆಲದಾಗ ಹಚ್ಚಬೇಕು, ಡಬ್ಬ್ಯಾಗ ಅಲ್ಲ, ಆಮೇಲೆ ನಾನು ಹಂಚಿಗೆ ತೂತು ಕೊರೆಸಿ ಕುಂಡ ಮಾಡಿದೆ, ಅವರ ರವೆಯ ಜರಡಿಯಲ್ಲಿ ಇಟ್ಟಿಗೆಯ ಪುಡಿ ಸೋಸಿದೆ, ಚನ್ನಬಸವ ಪಂಪಿನ ಮೋಟರು ಸುತ್ತಿ ಉಳಿದ ತಾಮ್ರದ ತಂತಿ ತಂದುಕೊಟ್ಟರು, ಕೊಂಬೆಗಳಿಗೆ ಆ ತಂತಿ ಸುತ್ತಿ ಬಗ್ಗಿಸುವುದನ್ನು ಕಂಡಾಗಲಂತೂ ಅತ್ತೆ ಎರಡು ದಿನ ಮಾತು ಬಿಟ್ಟರು, ಕೈಕಾಲು ಕಟ್ಟಿ ಬೆಳಸ್ತಾಳ ನೋಡ್ರೀ, ಅಂತ ಬಂದವರ ಮುಂದೆಲ್ಲ ಹೇಳಿದರು, ಜರಡಿಯನ್ನು ಬೇರೆ ತಂದುಕೊಟ್ಟ ಮೇಲೂ ಹೇಳಿದರು. ಮಾಗಿ ಬಂದ ಎಲೆಯೆಲ್ಲ ಕತ್ತರಿಸಿದರೆ ಮುಂದಿನ ಎಲೆ ಚಿಕ್ಕದಾಗುತ್ತದೆ ಅತ್ತಿ, ಬೇರು ಸವರಿದರೆ ಹೊಸ ಬೇರು ಬರುತ್ತದೆ ಅತ್ತಿ, ಎಷ್ಟು ಹೇಳಿದರೂ ಹೂಂ ಅನ್ನುತ್ತಿರಲಿಲ್ಲ. ಅಂಥವರು ಇವತ್ತು ಅದಕ್ಕೆ ಹಣೆ ತಾಗಿಸಿದರು, ಕುರ್ಚಿಯಿಂದ ಬಗ್ಗಲಾಗದೆ, ಅದನ್ನೇ ಎತ್ತಿಸಿಕೊಂಡು. ಇದಕ್ಕೆ ಕತ್ತರಿ ಹಾಕಲೋ, ಹುಣಸೆಗೆ ಮೂರನೇ ಸಲ ಬಿಟ್ಟುಕೊಡಲೋ, ಎರಡರಲ್ಲಿ ಒಂದು.

ಶಿರಸಿಯ ಕಲ್ಯಾಣಮಂಟಪ, ಗೊಬ್ಬರದ ವಾಸನೆ, ಮೈಕಿನಲ್ಲಿ ಯಾರದೋ ಕೆಮ್ಮು, ಗಂಟೆ ಹತ್ತು ಹತ್ತು. ಹೆಗ್ಗರಣೆಯ ರಮ್ಯಶ್ರೀ ಹೆಸರು ಬರೆದುಕೊಳ್ಳುವ ಮೇಜಿನಲ್ಲಿದ್ದಾಳೆ, ನನ್ನ ಹತ್ತಿರ ಯಾವಾಗಲೂ ಪುಸ್ತಕದ ಕನ್ನಡ ಮಾತಾಡುವ ಹುಡುಗಿ, ಮರವನ್ನು ಕಂಡದ್ದೇ ಬಿಳಲುಗಳನ್ನು ಮುಟ್ಟಿ ಮುಟ್ಟಿ ನೋಡಿದಳು, ಮೂರೂ ಮಣ್ಣು ಹಿಡಿದಿವೆಯೇ, ಎಷ್ಟು ಚೆಂದ, ಈ ಸಲ ಹುಣಸೆಯವರಿಗೆ ಕಷ್ಟವಿದೆ ಅಂದಳು, ಆಮೇಲೆ ದಾರ ಕಂಡಿತು, ಕಂಡದ್ದೇ ಗಾಬರಿಗೆ ಹವ್ಯಕರ ಮನೆಮಾತು ಹೊರಬಿತ್ತು, ಇದೆಂತ ಅಕ್ಕಾ, ದಾರ ತೆಗೆಯವು, ಇಲ್ದಿದ್ರೆ ಆನು ಎಂತ ಮಾಡ್ಲಿ, ಹತ್ತೂವರೆವರೆಗೆ ಟೈಮಿದ್ದು. ತೆಗೆಯದಿದ್ದರೆ ಬಾಗಿಲ ಹೊರಗಿನ ಮೇಜು, ನೋಡುವುದಕ್ಕೆ ಮಾತ್ರ, ಬಹುಮಾನವಿಲ್ಲ. ಆಚೆ ಮೂಲೆಯಲ್ಲಿ ಹುಣಸೆ ಕೂತಿದೆ, ಎರಡು ಕಾಯಿ ಬೇರೆ ಬಿಟ್ಟಿದೆ, ಬಿಡಲಿ, ನನ್ನದರ ಮುಂದೆ ಏನೂ ಅಲ್ಲ, ಮೊದಲ ಸಲ ನನಗೆ ಖಂಡಿತ ಗೊತ್ತಾಗುತ್ತಿದೆ, ದಾರವೊಂದಿಲ್ಲದಿದ್ದರೆ ಮೊದಲನೆಯದು ನನ್ನದೇ. ಕತ್ತರಿ ತೆಗೆದೆ. ಅದರ ತುದಿಯನ್ನು ಹಳದಿ ಎಳೆಗಳ ಕೆಳಗೆ ತೂರಿಸಿದೆ, ಕ್ಷಮಿಸಿಬಿಡ್ರಿ ಅತ್ತಿ, ಸಂಜೆ ನಾನೇ ಕಟ್ಟುತ್ತೇನೆ, ಪರ್ಸಿನಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಮನೆಯಿಂದ, ಮಾವನಿಗೆ ಮತ್ತೆ ಏನಾಯಿತೋ.

ಏನೂ ಆಗಿಲ್ಲ, ಮಾವನದೇ ದನಿ, ಗುಟ್ಟಿನ ದನಿ, ನಿಯಮದ ಹಾಳಿ ಇಲ್ಲೇ ಬಿಟ್ಟು ಹೋಗೀಯವ್ವಾ ದಾಕ್ಷಾಯಿಣಿ, ಓದಿದೆ, ದಾರ ಇದ್ರ ಕೊಡಂಗಿಲ್ಲಂತಲ್ಲ, ಕತ್ತರಿಸಿಬಿಡು, ನನ್ನ ಆಯುಷ್ಯ ದಾರದಾಗ ಇಲ್ಲ, ಗುಳಿಗ್ಯಾಗ ಐತಿ, ನಿಮ್ಮತ್ತಿಗೆ ನಾ ಹೇಳಂಗಿಲ್ಲ. ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬಂತು, ಕತ್ತರಿಯ ಬಾಯಿ ದಾರದ ಕೆಳಗೆ ಹಾಗೇ ತೆರೆದಿದೆ, ಮಾವ ದನಿಯನ್ನು ಇನ್ನೂ ತಗ್ಗಿಸಿದರು. ಏಳು ನನ್ನವು, ಧಾರಾಳ ತಗಿ. ಹಸಿರದನ್ನ ಏನ್ ಮಾಡ್ತೀಯೋ ನೀನ ನೋಡು, ಅದು ನಂದಲ್ಲ. ಮತ್ತ ಯಾರದ್ರೀ ಅಂದೆ. ನಿಂದು, ಅಂದರು. ನಮ್ಮ ಸೊಸಿಗೆ ಈ ಸಲ ಮೊದಲನೇದ ಬರ್ಲಿ ಅಂತ ಎಂಟನೇದು ಸುತ್ಯಾಳ ಆಕಿ. ಹೇಳಬ್ಯಾಡ ಅಂದಿದ್ಲು. ಬಹುಮಾನಕ್ಕಾಗಿ ಸುತ್ತಿದ ದಾರವೇ ಬಹುಮಾನ ತಪ್ಪಿಸಲಿಕ್ಕೆ ಕೂತಿದೆ, ಅಲ್ಲ ಅತ್ತಿ, ಒಂದು ಮಾತು ಹೇಳಬಾರದಿತ್ತೇನ್ರಿ, ಹತ್ತೊಂಬತ್ತು ವರ್ಷ ಬೈದು ಬೈದು, ಇಷ್ಟು ಗುಟ್ಟಾಗಿ. ರಮ್ಯಶ್ರೀ ಗಡಿಯಾರ ನೋಡುತ್ತಿದ್ದಾಳೆ, ಇನ್ನು ಐದೇ ನಿಮಿಷ ಅಕ್ಕಾ, ಕತ್ತರಿಯನ್ನು ಮುಚ್ಚಿ ಚೀಲಕ್ಕೆ ಹಾಕಿದೆ, ಹೊರಗಿನ ಮೇಜಿಗೇ ಬರಕೋವ್ವಾ ಅಂದೆ, ಹುಣಸೆಯವರು ನಿಶ್ಚಿಂತೆಯಿಂದ ಮಲಗಲಿ ಇನ್ನೊಂದು ವರ್ಷ. ಹಳದಿ ದಾರ ಮಳೆಗೆ ತಾನೇ ಕೊಳೆತು ಬೀಳುತ್ತದೆ, ಹಸಿರು ಪಾಲಿಯೆಸ್ಟರು, ಅದು ಕೊಳೆಯುವ ಜಾತಿಯಲ್ಲ, ಶ್ರಾವಣದೊಳಗೆ ಸಡಿಲಿಸಬೇಕು, ಇಲ್ಲದಿದ್ದರೆ ತೊಗಟೆಗೆ ಕಚ್ಚುತ್ತದೆ, ಸಡಿಲಿಸಿ ಮತ್ತೆ ಕಟ್ಟುತ್ತೇನೆ, ಮತ್ತೆ ಸಡಿಲಿಸುತ್ತೇನೆ, ಮತ್ತೆ ಕಟ್ಟುತ್ತೇನೆ. ಚೀಲದಿಂದ ಚಕ್ರ ತೆಗೆದು ಹೊರಗಿನ ಮೇಜಿನ ಮೇಲಿಟ್ಟು ಮರವನ್ನು ಕೂರಿಸಿದೆ, ಚೆಂದದ ಮಗ್ಗುಲು ಬಾಗಿಲಿಗೆ ಬರಲಿ ಅಂತ ಬೆರಳಿಂದ ಮೆಲ್ಲಗೆ ತಳ್ಳಿದೆ, ಬೇರಿಂಗು ಸದ್ದಿಲ್ಲದೆ ತಿರುಗಿತು, ಬಿಳಲು ತಿರುಗಿದವು, ಹಳದಿ ತಿರುಗಿತು, ಹಸಿರು — ಪ್ಲಾಸ್ಟಿಕ್ ಕುರ್ಚಿ, ಅರಿಶಿನದ ತೋರುಬೆರಳು, ಅಲುಗುವ ತುಟಿ, ಆರು, ಏಳು, ಸಾಕು ಅತ್ತಿ, ತಡಿಯವ್ವಾ, ಇನ್ನೊಂದೈತಿ, ಅರಿಶಿನದ ತೋರುಬೆರಳು, ಹಸಿರು ದಾರ, ಇನ್ನೊಂದೈತಿ